ನಾರಾಕ್ಕೆ ನೀವೂ ಬರ್ರಿ

ಧಾರವಾಡದಲ್ಲಿ ನಮ್ಮ ಮನೆಯ ಮುಂದೆ ಊಟದ ಹೊತ್ತಿಗೆ ಯಾರೇ ಹಾದುಹೋದರೂ "ಬರ್ರಿ, ಊಟಾ ಮಾಡೋಣು" ಎನ್ನುವುದು ರೂಢಿ. ಹೋಗುವವರು "ಆಗೇದ್ರಿ, ನಡೀಲಿ ನಿಮ್ದು" ಎಂದು ನಿಲ್ಲದೆ ಮುಂದೆ ಸಾಗುವುದೂ ಅಷ್ಟೇ ರೂಢಿ. ಕರೆದವರ ಬುಟ್ಟಿಯಲ್ಲಿ ಒಂದೂವರೆ ರೊಟ್ಟಿ ಉಳಿದಿರುತ್ತದೆ, ಹೋಗುವವರಿಗೆ ಹಸಿವಾಗಿರುತ್ತದೆ, ಆದರೂ ಇಬ್ಬರ ಮಾನವೂ ಉಳಿಯುತ್ತದೆ. ಇಪ್ಪತ್ತೆರಡು ವರ್ಷದ ಹಿಂದೆ ಜರ್ಮನಿಗೆ ಬರುವಾಗ ಈ ಅಭ್ಯಾಸವನ್ನು ನಾನು ಅಲ್ಲೇ ಬಿಟ್ಟು ಬರಬೇಕಿತ್ತು. ಬಿಡಲಿಲ್ಲ. ಅದರಿಂದ ನನ್ನ ಪಾಲಿಗೆ ಬಂದಿದ್ದ ಒಂದು ರವಿವಾರ ಕೈತಪ್ಪಿತು.

ಆ ರವಿವಾರವನ್ನು ನನಗೆ ಕೊಟ್ಟವಳು ಮಗಳು. ಬಾನ್ ವಿಶ್ವವಿದ್ಯಾಲಯದಲ್ಲಿ ಜಪಾನಿ ಭಾಷೆ ಓದುತ್ತಿದ್ದ ಅವಳು ಒಂದು ವರ್ಷದ ಮಟ್ಟಿಗೆ ಒಸಾಕಾಕ್ಕೆ ಹೋಗಿದ್ದಳು. ನಾನೂ ನನ್ನ ಗಂಡನೂ ಅಕ್ಟೋಬರ್ ಕೊನೆಗೆ ಎಂಟು ದಿನ ಅವಳನ್ನು ನೋಡಲು ಹೋಗುವುದೆಂದು ನಿಕ್ಕಿಯಾಯಿತು. ವಿಮಾನದ ಟಿಕೆಟ್ ಬುಕ್ ಮಾಡಿದ ದಿನ ಫೋನ್ ಮಾಡಿದೆ. ಅವಳಿಗೆ ಕ್ಲಾಸು, ಪರೀಕ್ಷೆ, ಸಂಜೆ ಒಂದು ಬೇಕರಿಯಲ್ಲಿ ಕೆಲಸ, ಎಂಟು ದಿನದಲ್ಲಿ ಪೂರ್ತಿ ಬಿಡುವಿದ್ದದ್ದು ಒಂದೇ ದಿನ.

"ಆ ರವಿವಾರ ನಾರಾಕ್ಕ ಹೋಗೋಣು ಅಮ್ಮಾ," ಎಂದಳು. "ಒಸಾಕಾದಿಂದ ಒಂದು ತಾಸೂ ಆಗಂಗಿಲ್ಲ. ಹಳೇ ರಾಜಧಾನಿ. ದೊಡ್ಡ ಬುದ್ಧ ಇದ್ದಾನ, ಊರ ತುಂಬ ಜಿಂಕಿ ಅಡ್ಡಾಡ್ತಾವ. ನಾನೂ ನೀನೂ ಇಬ್ಬರ. ಅಪ್ಪಾಗ ರೈಲ್ವೆ ಮ್ಯೂಸಿಯಂ ತೋರಿಸಿದ್ರ ಸಾಕು, ಸಂಜೀತನ ಹೊರಗ ಬರಂಗಿಲ್ಲ ಅವರು."

ಇಬ್ಬರೇ ಎನ್ನುವ ಮಾತನ್ನು ನಾನು ಅವಳಿಂದ ಇನ್ನೊಮ್ಮೆ ಹೇಳಿಸಿಕೊಂಡೆ. ಅದಕ್ಕೆ ಕಾರಣವಿತ್ತು.

ಎರಡೂವರೆ ವರ್ಷದ ಹಿಂದೆ ಅವಳಿಗೆ ಸ್ಟುಟ್‌ಗಾರ್ಟ್‌ನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಸೀಟು ಸಿಕ್ಕಿತ್ತು. ನಾನು ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಮುಗಿಸಿ, ಮದುವೆಯಾಗಿ ಇಲ್ಲಿಗೆ ಬಂದು, ಭಾಷೆ ಬಾರದೆ, ಕೈಯಲ್ಲಿ ಕೂಸು ಬಂದು, ಕೊನೆಗೆ ಊರಿನ ಕಿಂಡರ್‌ಗಾರ್ಟನ್ನಿನಲ್ಲಿ ಮಕ್ಕಳ ಮೂಗು ಒರೆಸುವ ಕೆಲಸ ಹಿಡಿದವಳು. ಗಂಡ ಅಬ್‌ಸ್ಟಾಟ್‌ನ ಕಾರಿನ ಭಾಗಗಳ ಕಂಪನಿಯೊಂದರಲ್ಲಿ ಬ್ರೇಕಿನ ವಿಭಾಗದ ಎಂಜಿನಿಯರ್. ಮನೆಯಲ್ಲಿ ಇನ್ನೊಬ್ಬಳು ಎಂಜಿನಿಯರ್ ಆಗುತ್ತಾಳೆ, ನಾನು ಓದಿಯೂ ಮಾಡಲಾಗದ ಕೆಲಸವನ್ನು ಅವಳು ಮಾಡುತ್ತಾಳೆ ಎಂದುಕೊಂಡಿದ್ದೆ. ಅವಳು ಬಂದು, ಸ್ಟುಟ್‌ಗಾರ್ಟ್ ಬೇಡ, ಬಾನ್‌ಗೆ ಹೋಗಿ ಜಪಾನಿ ಓದುತ್ತೇನೆ ಎಂದಾಗ ನನ್ನ ನಾಲಿಗೆಗೆ ಹಿಡಿತವಿರಲಿಲ್ಲ. "ಅದನ್ನ ಓದಿ ಏನ್ ಮಾಡ್ತಿ? ಕೈಯಾಗ ಝಂಡಾ ಹಿಡದು ಟೂರಿಸ್ಟ್ ಗೈಡ್ ಆಗ್ತಿ ಏನು?" ಎಂದುಬಿಟ್ಟೆ. ಅವಳು ಜಗಳವಾಡಲಿಲ್ಲ. ಚೀಲ ತುಂಬಿಕೊಂಡು ಹೋದಳು. ಆಮೇಲೆ ಫೋನಿನಲ್ಲಿ ಊಟ ಆಯಿತೇ, ಹವೆ ಹೇಗಿದೆ ಎನ್ನುವುದರಾಚೆ ನಮ್ಮ ಮಾತು ಬೆಳೆಯಲಿಲ್ಲ.

ಇದಕ್ಕಿಂತ ಕೆಟ್ಟ ಕೆಲಸ ಇನ್ನೊಂದು ಮಾಡಿದ್ದೆ. ನಮ್ಮ ಕನ್ನಡದವರ ಕೂಟದಲ್ಲಿ ಯಾರೋ "ಮಗಳು ಏನು ಓದ್ತಾ ಇದಾಳೆ?" ಎಂದು ಕೇಳಿದಾಗ, ಸುತ್ತ ನಿಂತ ನಾಲ್ಕು ಜನರ ಮಕ್ಕಳೂ ಕಂಪ್ಯೂಟರ್ ಓದುತ್ತಿದ್ದರು. "ಬಾನ್‌ನಾಗ ಡೇಟಾ ಸೈನ್ಸ್" ಎಂದೆ. ಒಂದು ಸುಳ್ಳನ್ನು ಹಾಗೇ ಬಿಟ್ಟರೆ ಅದು ಸುಮ್ಮನೆ ಕೂರುವುದಿಲ್ಲ. ಮಗಳು ಜಪಾನಿಗೆ ಹೋದದ್ದು ಕೂಟದವರಿಗೆ ತಿಳಿದಾಗ ಅದು ತಾನಾಗಿಯೇ ಇಂಟರ್ನ್‌ಶಿಪ್ ಆಯಿತು. ನಾನು ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ. ಗಂಡ ಪಕ್ಕದಲ್ಲೇ ನಿಂತು ಕೋಸಂಬರಿ ತಿನ್ನುತ್ತಿದ್ದರು.

ಇಷ್ಟೆಲ್ಲ ಆದಮೇಲೂ ಅವಳಾಗಿಯೇ "ನಾವಿಬ್ಬರ" ಎಂದಿದ್ದಳು. ಆ ದಿನ ಅವಳ ಕೈಹಿಡಿದು ಕೂರಿಸಿ, ನಾನು ಹಾಗೆ ಅನ್ನಬಾರದಿತ್ತು ಎಂದು ಹೇಳಬೇಕೆಂದು ಮನಸ್ಸಿನಲ್ಲೇ ಗಟ್ಟಿಮಾಡಿಕೊಂಡೆ. ಫೋನಿನಲ್ಲಿ ಹೇಳುವ ಮಾತಲ್ಲ ಅದು. ಎದುರಿಗೆ ಬೇಕು, ಬೇರೆ ಯಾರೂ ಇರಬಾರದು.

ಸೆಪ್ಟೆಂಬರಿನಲ್ಲಿ ಗಣೇಶನ ಹಬ್ಬಕ್ಕೆ ಕೂಟದವರು ಪಕ್ಕದ ಊರಿನ ಬ್ಯುರ್ಗರ್‌ಹೌಸ್, ಅಲ್ಲಿನ ಸಮುದಾಯ ಭವನ, ಹಿಡಿದಿದ್ದರು. ಊಟವಾಗಿ, ನಾನು ಅಡುಗೆಮನೆಯಲ್ಲಿ ದೊಡ್ಡ ಪಾತ್ರೆಗಳನ್ನು ತಿಕ್ಕುತ್ತಿದ್ದೆ. ಪಕ್ಕದಲ್ಲಿ ಒರೆಸುತ್ತ ನಿಂತಾಕೆ ಹೈಡೆಲ್‌ಬರ್ಗ್‌ನವಳು. ಆಕೆಯ ಗಂಡ ಪಕ್ಕದ ವಾಲ್‌ಡಾರ್ಫ್‌ನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್, ಇಬ್ಬರೂ ಮೈಸೂರಿನವರು. ಕೂಟದಲ್ಲಿ ವರ್ಷಕ್ಕೆ ಮೂರು ಸಲ ಕಂಡರೆ ಹೆಚ್ಚು. ಮಾತಿಗೆ ಮಾತು ಬಂದು, ತಾವೂ ಶಾಲೆಯ ಶರತ್ಕಾಲದ ರಜೆಗೆ ಜಪಾನಿಗೆ ಹೊರಟಿರುವುದಾಗಿ ಹೇಳಿದಳು. ಅದೇ ವಾರ, ಅದೇ ಒಸಾಕಾ. ನಾವು ನಾರಾಕ್ಕೆ ಹೋಗುವ ಸಂಗತಿ ನಾನೂ ಹೇಳಿದೆ. ಹೇಳಿ ಸುಮ್ಮನಾಗಬೇಕಲ್ಲ? ಹೇಳಿದಮೇಲೆ ಕರೆಯದಿದ್ದರೆ ಹೇಗೆ?

"ನೀವೂ ಬರ್ರೆಲ್ಲಾ ನಮ್ಮ ಜೋಡಿ," ಎಂದೆ.

ಇಲ್ಲಿ ಆಕೆ "ಅಯ್ಯೋ, ನಿಮಗ್ಯಾಕೆ ತೊಂದರೆ" ಎನ್ನಬೇಕು. ನಾನು "ತೊಂದರಿ ಏನ್ರಿ" ಎನ್ನಬೇಕು. ಆಕೆ "ಇನ್ನೊಂದ್ಸಲ ನೋಡೋಣ" ಎನ್ನಬೇಕು. ಅಲ್ಲಿಗೆ ಮುಗಿಯಬೇಕು. ಆಕೆ ಒರೆಸುವ ಬಟ್ಟೆ ಕೆಳಗಿಟ್ಟು ಹಾಲಿನ ಕಡೆ ತಿರುಗಿ ಗಂಡನನ್ನು ಕೂಗಿದಳು. "ರೀ, ಇವರು ನಾರಾಗೆ ಕರೀತಿದಾರೆ ಕಣ್ರೀ!"

ಅವರು ಕೈಯಲ್ಲಿ ಮೋದಕ ಹಿಡಿದೇ ಬಂದರು. "ಹೌದಾ ಮೇಡಂ? ಖಂಡಿತ ಬರ್ತೀವಿ. ನಮ್ಮ ಅಮ್ಮನೂ ಬರ್ತಿದಾರೆ, ಪಾಪು ಇದ್ದಾಳೆ. ಜನ ಇದ್ರೇ ಮಜಾ."

ಮೈಸೂರಿನವರ ಮನೆಗೆ ಹೋದರೆ "ಊಟ ಮುಗಿಸ್ಕೊಂಡೇ ಬಂದಿರ್ತೀರಲ್ವಾ" ಎನ್ನುತ್ತಾರೆಂದು ನಮ್ಮ ಕಡೆ ಆಡಿಕೊಳ್ಳುತ್ತೇವೆ. ಕರೆದರೆ ಕರೆದ ತಕ್ಷಣ ಬಂದೇಬಿಡುತ್ತಾರೆಂದು ಯಾರೂ ಹೇಳಿರಲಿಲ್ಲ.

ಕಾರಿನಲ್ಲಿ ಗಂಡನಿಗೆ ಹೇಳಿದೆ. "ನೀ ಯಾಕ ಕರದಿ?" ಎಂದರು. "ಕರೀಲಾರದ ಹೆಂಗ್ರಿ?" ಎಂದೆ. ಅವರು ಗಾಡಿ ಚಾಲೂ ಮಾಡಿದರು. ಮಗಳಿಗೆ ಹೇಳುವಾಗ ಮಾತ್ರ ಎರಡು ದಿನ ತಡಮಾಡಿದೆ. ಕೇಳಿ ಅವಳು "ಆಖ್ ಸೋ," ಎಂದಳು. ಹೌದಾ ಎನ್ನುವುದಕ್ಕೆ ಅವಳು ಚಿಕ್ಕಂದಿನಿಂದ ಜರ್ಮನ್‌ನಲ್ಲಿ ಹಾಗೇ ಅನ್ನುವುದು. ಆಮೇಲೆ, "ಇರ್ಲಿ ಬಿಡು. ಅವರಿಗೂ ತೋರಸ್ತೀನಿ," ಎಂದಳು.

ಅಲ್ಲಿಂದ ಶುರುವಾಯಿತು ನನ್ನ ಶನಿಕಾಟ. ಆಕೆಯ ಗಂಡ, ವಾಲ್‌ಡಾರ್ಫ್‌ನವರು, ಮರುದಿನವೇ ವಾಟ್ಸ್ಯಾಪಿನಲ್ಲಿ 'ನಾರಾ ಟ್ರಿಪ್' ಎಂದು ಗುಂಪು ಮಾಡಿದರು. ನಂತರ ಪ್ರತಿ ರವಿವಾರ ಪ್ಲ್ಯಾನಿಂಗ್. ಒಂದು ವಾರ ಅವರ ಮನೆಯಲ್ಲಿ, ಒಂದು ವಾರ ನಮ್ಮಲ್ಲಿ. ಒಂದು ದಿನದ ತಿರುಗಾಟಕ್ಕೆ ವಾರ ವಾರವೂ ಸಭೆ! ನಮ್ಮಪ್ಪ ಇಡೀ ಕಾಶಿಯಾತ್ರೆಗೆ ಇಷ್ಟು ಮಾತಾಡಿರಲಿಲ್ಲ.

ವಾಲ್‌ಡಾರ್ಫ್‌ನವರು ಲ್ಯಾಪ್‌ಟಾಪನ್ನು ಟೀವಿಗೆ ಜೋಡಿಸಿ ದೊಡ್ಡದೊಂದು ಕೋಷ್ಟಕ ತೆರೆಯುವರು. ಮ್ಯೂಸಿಯಂ ಮರೆತು ತಾವೂ ನಾರಾಕ್ಕೆ ಹೊರಟಿದ್ದ ನನ್ನ ಗಂಡ ತಮ್ಮದೇ ಬೇರೆ ಕೋಷ್ಟಕ ಪ್ರಿಂಟ್ ಮಾಡಿಸಿ ತರುವರು. ಅವರದು ಒಂಬತ್ತು ನಲವತ್ತಕ್ಕೆ ಬುದ್ಧ, ಹತ್ತೂ ಹತ್ತಕ್ಕೆ ಜಿಂಕೆ. ಇವರದು ಎರಡು ಜಾಗದ ನಡುವೆ ಹದಿನೈದು ನಿಮಿಷ ಖಾಲಿ ಇರಲೇಬೇಕು ಎಂದು.

"ಬಫರ್ ಇಲ್ಲದ ಪ್ಲ್ಯಾನು, ಬ್ರೇಕ್ ಇಲ್ಲದ ಗಾಡಿ ಎರಡೂ ಒಂದ ನೋಡ್ರಿ," ಎಂದು ಗಂಡ.

"ಸರ್, ನಿಮ್ಮ ಬಫರ್‌ಗಳನ್ನೆಲ್ಲ ಕೂಡಿಸಿದ್ರೆ ಒಂದು ಊಟದ ಟೈಮ್ ಆಗುತ್ತೆ," ಎಂದು ಅವರು.

ಊಟದ ಮಾತು ಎತ್ತಿದರೆ ಇನ್ನೊಂದು ರಾಮಾಯಣ. ಜಪಾನಿನಲ್ಲಿ ತರಕಾರಿ ಸಾರಿಗೂ ಮೀನಿನ ನೀರು ಹಾಕುತ್ತಾರೆಂದು ಅವರ ತಾಯಿಗೆ ಯಾರೋ ಹೇಳಿದ್ದರು. ಆ ಹಿರಿಯಾಕೆ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತ ಸೋಫಾದಲ್ಲಿ ಕುಳಿತು ಒಂದೊಂದೇ ಪ್ರಶ್ನೆ ಇಡುವರು. ಬುದ್ಧನ ಗುಡಿಯಲ್ಲಿ ಪ್ರದಕ್ಷಿಣೆ ಉಂಟೋ? ತೀರ್ಥ ಕೊಡುತ್ತಾರೋ? ಮೆಟ್ಟಿಲು ಎಷ್ಟು? ಅವರೆಲ್ಲ ಪಾಪು ಎನ್ನುವ ಹತ್ತು ವರ್ಷದ ಮೊಮ್ಮಗಳಿಗೆ, ಪುಣ್ಯಕ್ಕೆಂದು ಜನ ತೂರುವ ಅಲ್ಲಿನ ಕಂಬದ ತೂತಿನೊಳಗೆ ತಾನೂ ತೂರಿ ಹೊರಬರಬೇಕಿತ್ತು. ಅದನ್ನು ಅವಳು ಜರ್ಮನ್‌ನಲ್ಲಿ ಕೇಳಿದರೆ ಅಜ್ಜಿಗೆ ಅರ್ಥವಾಗದೆ "ಏನಂತೆ ಅದು, ಏನಂತೆ?" ಎನ್ನುವರು. ನಾನು ಮಾಡಿದ ಒಂದು ಸಲಹೆಯೆಂದರೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗೋಣವೆಂದು. ಅದು ಕೋಷ್ಟಕದಲ್ಲಿ 'ಪ್ಲ್ಯಾನ್ ಸಿ' ಆಗಿ ಕೂತಿತು.

ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಬ್ಬರ ಮೇಲೂ ಸಿಟ್ಟು ಮಾಡುವ ಹಾಗಿಲ್ಲ, ಕರೆದವಳು ನಾನೇ. ಚಹಾ ಮಾಡಿ ಮಾಡಿ ಕೊಟ್ಟೆ. ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಸುಮ್ಮನೆ ಕುಕ್ಕಿ ಬರುತ್ತಿದ್ದೆ. ಬರಬೇಡಿ ಎನ್ನುವ ಒಂದು ಮಾತು ದಿನಕ್ಕೆ ಹತ್ತು ಸಲ ಗಂಟಲವರೆಗೆ ಬರುವುದು, ಬಾಯಿ ತೆರೆದರೆ "ಇನ್ನಷ್ಟು ಚಹಾ ತಗೋರಿ" ಎಂದು ಹೊರಬೀಳುವುದು.

ನಾಲ್ಕನೆಯ ರವಿವಾರ ಸಭೆ ನಮ್ಮ ಮನೆಯಲ್ಲಿತ್ತು. ಮಗಳನ್ನೂ ವಿಡಿಯೋದಲ್ಲಿ ಸೇರಿಸಬೇಕೆಂದು ವಾಲ್‌ಡಾರ್ಫ್‌ನವರೇ ಹಟ ಮಾಡಿದರು. ನಮಗೆ ಬೆಳಗಿನ ಹನ್ನೊಂದು, ಅವಳಿಗೆ ಸಂಜೆ ಆರು. ಟೀವಿಯ ತುಂಬ ಅವಳ ಮುಖ ಮೂಡಿತು. ಕೂದಲು ಕತ್ತರಿಸಿಕೊಂಡಿದ್ದಳು. ನನಗೆ ಹೇಳಿರಲಿಲ್ಲ. ಅವಳು ನಗುನಗುತ್ತ ಅಜ್ಜಿಗೆ ನಮಸ್ಕಾರ ಹೇಳಿದಳು, ಪ್ರದಕ್ಷಿಣೆ ಹಾಕಬಹುದು ಎಂದಳು, ಜಿಂಕೆಗಳು ಬಿಸ್ಕತ್ತಿಗಾಗಿ ತಲೆ ಬಾಗಿಸುತ್ತವೆ, ಕೈಯಲ್ಲಿ ಕಾಗದ ಹಿಡಿದರೆ ಅದನ್ನೂ ತಿನ್ನುತ್ತವೆ ಎಂದಳು. ನನ್ನ ಗಂಡ ತಮ್ಮ ಪ್ರಿಂಟನ್ನು ಮೆಲ್ಲಗೆ ಮಡಚಿ ಜೇಬಿಗಿಟ್ಟರು. ಎಲ್ಲರೂ ನಕ್ಕರು. ನನಗೂ ಒಂದು ಕ್ಷಣ, ಪರವಾಗಿಲ್ಲ, ಎಲ್ಲ ಸರಿಹೋಗುತ್ತದೆ ಎನ್ನಿಸಿತು.

ಆಗಲೇ ವಾಲ್‌ಡಾರ್ಫ್‌ನವರು ಕೇಳಿದರು. "ಅದಿರಲಿ ಪುಟ್ಟಾ, ಇಂಟರ್ನ್‌ಶಿಪ್ ಹೇಗ್ ನಡೀತಿದೆ? ಯಾವ ಕಂಪನಿ? ಜಪಾನಲ್ಲಿ ಡೇಟಾ ಸೈನ್ಸ್‌ಗೆ ಸ್ಕೋಪ್ ಹೇಗಿದೆ?"

ಮಗಳ ನಗು ಮುಖದ ಮೇಲೆ ಹಾಗೇ ನಿಂತಿತು. ಅವಳ ಕಣ್ಣು ಪರದೆಯಲ್ಲಿ ನನ್ನನ್ನು ಹುಡುಕಿದ್ದು ನನಗೆ ಕಂಡಿತು. ನಾನು ಚಹಾದ ತಟ್ಟೆ ಹಿಡಿದು ನಿಂತಿದ್ದೆ. ಈಗಲಾದರೂ ಹೇಳಬಹುದಿತ್ತು. ನಾನು ತಟ್ಟೆಯನ್ನು ನೋಡಿದೆ.

"ಸಣ್ಣ ಕಂಪನಿ ಅಂಕಲ್," ಎಂದಳು ಮಗಳು. "ನಿಮಗ ಗೊತ್ತಿರಂಗಿಲ್ಲ. ಛಲೋ ನಡದದ."

ನನ್ನ ಸುಳ್ಳಿನ ಮೇಲೆ ಅವಳೇ ಹೊದಿಕೆ ಹಾಕಿದಳು. ಅವಳು ಎಲ್ಲರೆದುರು ಬೈದಿದ್ದರೂ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ಆಮೇಲೆ ಮೂರು ದಿನ ಅವಳು ಫೋನ್ ಎತ್ತಲಿಲ್ಲ. ನಾಲ್ಕನೆಯ ದಿನ, ಗುರುವಾರ, ಗುಂಪಿನಲ್ಲಿ ಅವಳಿಂದ ಒಂದು ಪಿಡಿಎಫ್ ಬಂತು. ನಾನು ಕಿಂಡರ್‌ಗಾರ್ಟನ್ನಿನ ಅಂಗಳದಲ್ಲಿ ನಿಂತು ತೆರೆದೆ. ಇಬ್ಬರು ಎಂಜಿನಿಯರುಗಳು ನಾಲ್ಕು ವಾರ ಕಿತ್ತಾಡಿದ್ದೆಲ್ಲ ಅದರಲ್ಲಿ ಎರಡು ಪುಟದಲ್ಲಿ ಅಚ್ಚುಕಟ್ಟಾಗಿತ್ತು. ಪ್ಲ್ಯಾಟ್‌ಫಾರ್ಮಿನ ಯಾವ ತುದಿಯಲ್ಲಿ ಲಿಫ್ಟ್ ಇದೆ, ಅಜ್ಜಿ ಎಲ್ಲೆಲ್ಲಿ ಕೂತು ದಣಿವಾರಿಸಿಕೊಳ್ಳಬಹುದು, ಕಂಬದ ತೂತಿಗೆ ಎಷ್ಟು ಹೊತ್ತಿಗೆ ಹೋದರೆ ಸಾಲು ಚಿಕ್ಕದಿರುತ್ತದೆ, ಎಲ್ಲ ಇತ್ತು. ಒಂದು ತೋಫು ಹೋಟೆಲಿಗೆ ತಾನೇ ಫೋನ್ ಮಾಡಿ ಮೀನಿನ ನೀರಿಲ್ಲದ ಸಾರಿಗೆ ಒಪ್ಪಿಸಿದ್ದಳು. ನಮಗೆ ಇಂಗ್ಲಿಷಿನಲ್ಲಿ ಊರು ತೋರಿಸಲು ನಾರಾದ ವಿದ್ಯಾರ್ಥಿಯೊಬ್ಬಳನ್ನು ಗೊತ್ತು ಮಾಡಿದ್ದಳು.

ಜನರ ಸಂಖ್ಯೆ ಆರು ಎಂದಿತ್ತು. ನಾನು ಬೆರಳು ಮಡಚಿ ಎಣಿಸಿದೆ. ಅವರು ನಾಲ್ಕು, ನಾವು ಇಬ್ಬರು. ಕೊನೆಯ ಸಾಲಿನಲ್ಲಿ, ಸಂಜೆ ಏಳಕ್ಕೆ ಒಸಾಕಾ ಸ್ಟೇಷನ್ನಿನಲ್ಲಿ ತಾನು ಭೇಟಿಯಾಗುವುದಾಗಿ ಬರೆದಿದ್ದಳು.

ಅದರ ಕೆಳಗೆ ಆಗಲೇ ವಾಲ್‌ಡಾರ್ಫ್‌ನವರ ಉತ್ತರ ಬಂದು ಕೂತಿತ್ತು. "ಸೂಪರ್ ಪುಟ್ಟಾ! ಡೇಟಾ ಸೈನ್ಸ್ ಓದಿದ್ರೆ ಹೀಗಿರುತ್ತೆ ನೋಡಿ!"

ಒಂದು ಕೂಸು ಬಂದು ನನ್ನ ಕೋಟು ಜಗ್ಗಿ, ನೀನು ಯಾಕೆ ಅಳುತ್ತಿದ್ದೀಯ ಎಂದು ಜರ್ಮನ್‌ನಲ್ಲಿ ಕೇಳಿತು. ಗಾಳಿ ಎಂದೆ. ಮತ್ತೊಂದು ಸುಳ್ಳು.

ಅವತ್ತು ಕೆಲಸ ಮುಗಿಸಿ ಬಸ್ ನಿಲ್ದಾಣದಿಂದಲೇ ಹೈಡೆಲ್‌ಬರ್ಗ್‌ನಾಕೆಗೆ ಫೋನ್ ಹಚ್ಚಿದೆ. ಮನೆಗೆ ಹೋಗಿ ಕೂತರೆ ಮತ್ತೆ ಧೈರ್ಯ ಇಳಿದುಹೋಗುತ್ತದೆಂದು ಗೊತ್ತಿತ್ತು.

"ನೋಡ್ರಿ, ಒಂದು ಮಾತು ಹೇಳ್ತೀನಿ, ತಪ್ಪು ತಿಳ್ಕೋಬ್ಯಾಡ್ರಿ," ಎಂದೆ. "ತಿಳ್ಕೊಂಡ್ರೂ ತಿಳ್ಕೋರಿ. ನನ್ನ ಮಗಳು ಡೇಟಾ ಸೈನ್ಸ್ ಓದಂಗಿಲ್ಲ. ಜಪಾನಿ ಭಾಷಾ ಓದ್ತಾಳ. ಇಂಟರ್ನ್‌ಶಿಪ್ಪೂ ಇಲ್ಲ, ಏನೂ ಇಲ್ಲ. ನಾನ ಸುಳ್ಳು ಹೇಳಿದ್ದೆ. ಮತ್ತ ಆ ರವಿವಾರ ಅಕಿ ನನ್ನೊಬ್ಬಾಕಿನ್ನ ನಾರಾಕ್ಕ ಕರದಿದ್ಲು. ನೀವು ದಯವಿಟ್ಟು ಬರಬ್ಯಾಡ್ರಿ."

ಬರಬ್ಯಾಡ್ರಿ! ನಲವತ್ತೆಂಟು ವರ್ಷದಲ್ಲಿ ಈ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು.

ಆ ಕಡೆ ಆಕೆ ಉಸಿರು ಬಿಟ್ಟದ್ದು ಕೇಳಿಸಿತು. "ಅಯ್ಯೋ, ಅಷ್ಟೇನಾ? ನಿಮಗೆ ಏನು ಹೇಳ್ಲಿ. ನಮ್ಮತ್ತೆಗೆ ಮಂಡಿ ನೋವು. ನಾರಾ ಎಲ್ಲ ಆಗಲ್ಲ ಅಂತ ಮೊದಲಿಂದ್ಲೂ ಹೇಳ್ತಿದ್ರು. ನೀವು ಅಷ್ಟು ಪ್ರೀತಿಯಿಂದ ಕರೆದ್ರಲ್ಲ, ಇಲ್ಲ ಅನ್ನೋಕೆ ನಮಗೂ ಸಂಕೋಚ ಆಯ್ತು. ಇವರಂತೂ ವಾರ ಬಿಟ್ಟು ವಾರ ಅಷ್ಟು ದೂರ ಕಾರು ಓಡಿಸಿ ಓಡಿಸಿ ಸಾಕಾಗಿದೆ ಅಂತಾರೆ."

ನಾನು ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತೆ. ಕರೆಯಬಾರದೆಂದಿದ್ದವಳು ಕರೆದಿದ್ದೆ, ಬರಬಾರದೆಂದಿದ್ದವರು ಬರುತ್ತೇವೆಂದಿದ್ದರು. ನಡುವೆ ನಾಲ್ಕು ರವಿವಾರ ಒಬ್ಬರ ಮರ್ಯಾದೆಗೆ ಇನ್ನೊಬ್ಬರು ಚಹಾ ಕುಡಿದಿದ್ದೆವು.

"ಮಗಳು ಜಪಾನಿ ಓದ್ತಿದಾಳೆ ಅಂತ ಮೊದಲೇ ಹೇಳಬಾರದಿತ್ತಾ?" ಎಂದು ಆಕೆ ಮುಂದುವರಿಸಿದಳು. "ಒಳ್ಳೇದಲ್ವಾ. ನಮ್ಮ ಪಾಪುಗೂ ಜಪಾನಿ ಕಾರ್ಟೂನ್ ಅಂದ್ರೆ ಪ್ರಾಣ."

ಇಷ್ಟೇ. ಎರಡೂವರೆ ವರ್ಷ ನಾನು ಬಚ್ಚಿಟ್ಟು ಕಾಪಾಡಿದ್ದು ಯಾರಿಗೂ ಒಂದು ಸುದ್ದಿಯೇ ಅಲ್ಲ. ಯಾರ ಬಾಯಿಗೆ ಹೆದರಿ ಮಗಳನ್ನು ಮರೆಮಾಡಿದೆನೋ ಅವರಿಗೆ ಅದರ ಗೊಡವೆಯೇ ಇರಲಿಲ್ಲ. ಅಷ್ಟು ಸಿಟ್ಟು ನನ್ನ ಮೇಲೆ ನನಗೆ ಯಾವತ್ತೂ ಬಂದಿರಲಿಲ್ಲ.

ಮರುದಿನ ಬೆಳಿಗ್ಗೆ ಮಗಳು ಫೋನ್ ಎತ್ತಿದಳು. ಅವಳಿಗೆ ಅಲ್ಲಿ ಸಂಜೆ, ಹಿಂದೆ ಬೇಕರಿಯ ಸದ್ದು ಕೇಳುತ್ತಿತ್ತು.

"ಅವರಿಗೆ ಹೇಳಿದೆ," ಎಂದೆ.

"ಏನಂತ?"

"ನೀ ಜಪಾನಿ ಓದ್ತಿ ಅಂತ. ನಾ ಸುಳ್ಳು ಹೇಳಿದ್ದೆ ಅಂತ. ಬರಬ್ಯಾಡ್ರಿ ಅಂತ."

"ಬರಬ್ಯಾಡ್ರಿ ಅಂದಿ? ನೀನು?" ಅವಳ ಧ್ವನಿಯಲ್ಲಿ ಒಂದಿಷ್ಟು ನಗು ಬಂದು ಹೋಯಿತು.

"ಅಂದೆ. ರವಿವಾರ ಈಗ ನಾವಿಬ್ಬರ."

ಅವಳು ಬೇಕರಿಯ ಬಾಗಿಲು ತೆಗೆದು ಹೊರಗೆ ಬಂದದ್ದು ಕೇಳಿಸಿತು. ಆಮೇಲೆ ನಿಧಾನವಾಗಿ ಹೇಳಿದಳು. "ರವಿವಾರ ಆಗಂಗಿಲ್ಲ ಅಮ್ಮಾ. ಮೊನ್ನೆ ಮಂಗಳವಾರ ಒಂದು ಕೆಲಸಕ್ಕ ಹೂಂ ಅಂದೆ. ಬಾನ್‌ನಿಂದ ಒಂದು ಗುಂಪು ಬರಾಕತ್ತದ, ನಿವೃತ್ತರು, ಹನ್ನೊಂದು ಜನ. ಆ ರವಿವಾರ ಅವರಿಗೆ ನಾರಾ ತೋರಸಬೇಕು. ಪ್ರೊಫೆಸರೇ ನನ್ನ ಹೆಸರು ಹೇಳ್ಯಾರ. ಬಿಡಾಕ ಬರಂಗಿಲ್ಲ."

ಅವಳ ರವಿವಾರವನ್ನು ಮೊದಲು ಹಂಚಿದವಳು ನಾನು. ಉಳಿದದ್ದನ್ನು ಅವಳು ತನಗೆ ಬೇಕಾದ ಹಾಗೆ ಕೊಟ್ಟುಕೊಂಡಿದ್ದಳು. ಗಣೇಶನ ಹಬ್ಬದ ದಿನ ಸುಮ್ಮನೆ ಪಾತ್ರೆ ತಿಕ್ಕಿದ್ದರೆ ಆಗುತ್ತಿತ್ತು.

"ಆತು ಬಿಡವ್ವಾ," ಎಂದೆ. ಫೋನ್ ಇಡುವವಳಿದ್ದೆ.

"ಒಂದು ಮಾಡಬಹುದು," ಎಂದಳು. "ನೀನೂ ಬಾ. ಗುಂಪಿನಾಗ ಒಬ್ಬಾಕಿ ಆಗಿ ಬರಬೇಕು. ನಾ ನಿನ್ನ ಜೋಡಿ ಮಾತಾಡ್ಕೋತ ನಡಿಯಾಕ ಆಗಂಗಿಲ್ಲ, ಮುಂದ ಇರ್ತೀನಿ. ಎಲ್ಲಾ ಜರ್ಮನ್‌ನಾಗ ಹೇಳ್ತೀನಿ. ನಿನಗಂತ ನಿಲ್ಲಂಗಿಲ್ಲ, ಗುಂಪಿನ ಜೋಡಿ ನಡೀಬೇಕು. ಆಗ್ತದೇನು?"

"ಆಗ್ತದ."

"ಅಪ್ಪಾ ಮ್ಯೂಸಿಯಮ್ಮಿಗೆ."

"ಹೂಂ."

"ಮತ್ತ ಅಮ್ಮಾ, ಇನ್ನ ಯಾರನ್ನೂ ಕರೀಬ್ಯಾಡ."

ಸಂಜೆ ಗಂಡ ಕೆಲಸದಿಂದ ಬಂದು ಬೂಟು ಬಿಚ್ಚುತ್ತಿದ್ದರು. ಆಗಲೇ ಅವಳಿಂದ ಇಮೇಲ್ ಬಂತು. ಎಲ್ಲರಿಗೂ ಕಳಿಸಿದ ಪತ್ರ, 'ಆತ್ಮೀಯರೇ' ಎಂದು ಶುರುವಾದದ್ದು. ಎಷ್ಟು ಹೊತ್ತಿಗೆ ಎಲ್ಲಿ ಸೇರಬೇಕು, ಎಂಥ ಬೂಟು ಹಾಕಿಕೊಳ್ಳಬೇಕು, ತಾನು ಹಳದಿ ಝಂಡಾ ಹಿಡಿದು ನಿಂತಿರುತ್ತೇನೆ ಎಂದೆಲ್ಲ ಜರ್ಮನ್‌ನಲ್ಲಿ ಬರೆದಿದ್ದಳು. ಕೆಳಗೆ ಬರುವವರ ಪಟ್ಟಿ. ಹನ್ನೊಂದು ಜರ್ಮನ್ ಹೆಸರುಗಳು. ಹನ್ನೆರಡನೆಯ ಸಾಲಿನಲ್ಲಿ ನನ್ನ ಹೆಸರಿರಲಿಲ್ಲ. 'ಮುಟರ್ ಡೆರ್ ರೈಸೆಲೈಟರಿನ್' ಎಂದಿತ್ತು. ಗೈಡಿನ ತಾಯಿ.

ಗಂಡ ನನ್ನ ಭುಜದ ಮೇಲಿಂದ ಬಗ್ಗಿ ಓದಿದರು. "ಇದೇನು, ಎಲ್ಲಾರ ಹೆಸರು ಹಾಕ್ಯಾಳ, ನಿಂದೊಂದು ಬಿಟ್ಟಾಳ. ಬರದು ಕಳಸು, ಸರಿ ಮಾಡ್ತಾಳ," ಎಂದರು.

"ಬ್ಯಾಡ," ಎಂದೆ. "ಹಂಗ ಇರ್ಲಿ ಬಿಡ್ರಿ."